ಗದ್ದದಕ್ಕನ ಮುಂದೆ ಕೂತವರು

ಎಂಟು ವರ್ಷದವನಿದ್ದಾಗ ನಾನು ಅರ್ಧ ಕತ್ತರಿಸಿದ ತಲೆಯಲ್ಲಿ, ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ, ಕ್ಷೌರದಂಗಡಿಯಿಂದ ಮನೆಗೆ ಓಡಿಬಂದಿದ್ದೆ. ಕ್ಷೌರಿಕ ಕಳ್ಳನೆಂದು ನನಗೆ ಆಗಷ್ಟೇ ಖಚಿತವಾಗಿತ್ತು.

ಇದರಲ್ಲಿ ಪಾಪ, ಕ್ಷೌರಿಕನ ತಪ್ಪೇನೂ ಇರಲಿಲ್ಲ. ನಮ್ಮ ಬೀದಿಯ ಒಂದು ತುದಿಯಲ್ಲಿ ಪೊಲೀಸ್ ಚೌಕಿ. ಅದರ ಹೊರಗೋಡೆಯ ಹಲಗೆಯ ಮೇಲೆ ಸಾಲಾಗಿ ಮುಖಗಳು, ಕೆಳಗೆ ‘ಬೇಕಾಗಿದ್ದಾರೆ’ ಎಂಬ ಬರಹ. ಇನ್ನೊಂದು ತುದಿಯಲ್ಲಿ ಫೋಟೋ ಸ್ಟುಡಿಯೋ. ಅದರ ಗಾಜಿನ ಹಿಂದೆಯೂ ಸಾಲಾಗಿ ಮುಖಗಳು. ಬರಹ ಇರಲಿಲ್ಲ, ಅಷ್ಟೆ. ಎರಡೂ ಒಂದೇ ಇಲಾಖೆಯ ಕೆಲಸವೆಂದೂ, ಗಾಜಿನ ಹಿಂದಿನವರು ಇನ್ನೂ ದೊಡ್ಡ ಕಳ್ಳರೆಂದೂ, ಅದಕ್ಕೇ ಅವರಿಗೆ ಚೌಕಟ್ಟು ಹಾಕಿದ್ದಾರೆಂದೂ ನಾನು ಯಾರ ಸಹಾಯವೂ ಇಲ್ಲದೆ ತೀರ್ಮಾನಿಸಿದ್ದೆ. ಹಿಂದಿನ ದಿನ ಗಾಜಿನ ಹಿಂದೆ ಹೊಸ ಮುಖವೊಂದು ಬಂದಿತ್ತು. ಈ ದಿನ ಅದೇ ಮುಖ ಕನ್ನಡಿಯಲ್ಲಿ, ನನ್ನ ತಲೆಯ ಹಿಂದೆ, ಕೈಯಲ್ಲಿ ಕತ್ತಿ ಹಿಡಿದು ನಿಂತಿತ್ತು. ಬುದ್ಧಿ ಇರುವ ಯಾರಾದರೂ ಓಡುತ್ತಿದ್ದರು.

ದೊಡ್ಡಮ್ಮ ನನ್ನ ಕಿವಿ ಹಿಡಿದು ಮೊದಲು ಕ್ಷೌರಿಕನ ಹತ್ತಿರ ಕರೆದೊಯ್ದಳು. ಉಳಿದರ್ಧ ತಲೆ ಮುಗಿದ ಮೇಲೆ ಅದೇ ಕಿವಿ ಹಿಡಿದು ಸ್ಟುಡಿಯೋಗೆ. ಅಲ್ಲಿದ್ದ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ನಗದೆ ಹೇಳಿದಳು:

“ಕಳ್ಳನೇ ಕಣೋ ಅವನು. ಊರಿನವರ ಕೂದಲು ಕದ್ದು ಕದ್ದೇ ಎರಡು ಮನೆ ಕಟ್ಟಿದಾನೆ. ನೀನೂ ದೊಡ್ಡವನಾಗು, ನಿನ್ನನ್ನೂ ಹಿಡಿದು ಇದರೊಳಗೆ ಹಾಕ್ತೀನಿ.”

ನಾನು ದೊಡ್ಡವನಾದೆ. ಕಳ್ಳನಾಗುವಷ್ಟು ಧೈರ್ಯವಿಲ್ಲದ್ದರಿಂದ ಗುಮಾಸ್ತನಾದೆ.

ಆ ಹೆಂಗಸೇ ಗದ್ದದಕ್ಕ. ಹೆತ್ತವರಿಟ್ಟ ಹೆಸರು ಬೇರೆ ಇದೆ. ಅದು ಮತದಾರರ ಪಟ್ಟಿಗೆ ಬಿಟ್ಟರೆ ಯಾರಿಗೂ ಬೇಕಾಗಿಲ್ಲ. ಕ್ಯಾಮೆರಾದ ಹಿಂದೆ ನಿಂತರೆ ಅವಳ ಬಾಯಿಂದ ಬರುವ ಮೊದಲ ಮಾತು ಒಂದೇ: “ಗದ್ದ ಸ್ವಲ್ಪ ಕೆಳಗೆ.” ಫೋಟೋ ಎಂದರೆ ಸಾಕು, ಜನ ಗದ್ದ ಎತ್ತಿಬಿಡುತ್ತಾರೆ. ಎತ್ತಿದರೆ ಮುಖ ಹೋಗಿ ಮೂಗಿನ ಹೊಳ್ಳೆ ಮಾತ್ರ ಉಳಿಯುತ್ತದೆ ಎಂಬುದು ಅವಳ ವಾದ. ಒಮ್ಮೆ ಒಬ್ಬ ವಕೀಲ ಬಂದು ಕೂತ. ಅಕ್ಕ ಮೂರು ಸಲ ಗದ್ದ ಇಳಿಸಿ ಎಂದಳು. ಮೂರು ಸಲವೂ ಅದು ತಾನಾಗಿ ಮೇಲೆದ್ದಿತು. ನಾಲ್ಕನೇ ಸಲಕ್ಕೆ ಆತ ರೇಗಿ, “ನಾನು ಯಾರು ಅಂತ ಗೊತ್ತೇನ್ರೀ ನಿಮಗೆ?” ಎಂದ. “ಗೊತ್ತಿರೋದಕ್ಕೇ ಹೇಳ್ತಿರೋದು,” ಎಂದಳು ಅಕ್ಕ. ಇಳಿಯಿತು.

ಈಗ ಅವಳಿಗೆ ಐವತ್ತೈದು ದಾಟಿದೆ. ಒಂದು ಕನ್ನಡಕ ತಲೆಯ ಮೇಲೆ, ಇನ್ನೊಂದು ಕೊರಳಲ್ಲಿ. ಹುಡುಕುವುದು ಮಾತ್ರ ಮೂರನೆಯದನ್ನು. ವರ್ಷಗಟ್ಟಲೆ ಎಡಗಣ್ಣು ಮುಚ್ಚಿ ಮುಚ್ಚಿ, ಸುಮ್ಮನೆ ಮಾತಾಡುವಾಗಲೂ ಆ ಕಣ್ಣು ಅರ್ಧ ಮುಚ್ಚಿಕೊಂಡೇ ಇರುತ್ತದೆ. ಗೊತ್ತಿಲ್ಲದವರು ಕಣ್ಣು ಹೊಡೆದಳೆಂದು ತಿಳಿದು, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಸ್ಟುಡಿಯೋ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಮೇಜು, ಬೆಂಚು, ಬಾಚಣಿಗೆ ಕಟ್ಟಿಹಾಕಿದ ಕನ್ನಡಿ (ಬಾಚಣಿಗೆ ಎರಡು ಸಲ ಕಳುವಾಗಿದೆ, ಕನ್ನಡಿ ಒಂದು ಸಲ). ಹಿಂದಿನದರಲ್ಲಿ ಬೂದು ಪರದೆ, ಎರಡು ದೀಪ, ಒಂದು ಕಾಲು ಗಿಡ್ಡವಾದ ಸ್ಟೂಲು, ಅದರ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ.

ಆ ಪೆಟ್ಟಿಗೆಯ ವಿಷಯ ಹೇಳದಿದ್ದರೆ ಗದ್ದದಕ್ಕನ ವಿಷಯ ಹೇಳಿದಂತಾಗುವುದಿಲ್ಲ. ಅದರಲ್ಲಿ ಕತ್ತರಿ, ಸೀಮೆಸುಣ್ಣ, ಬಣ್ಣದ ಕುಂಚ, ಸಿಕ್ಕಾದ ದಾರದ ಉಂಡೆ, ಹಳೆಯ ಗಡಿಯಾರದ ಒಡಲು, ಚಾಲಕರಿಗೆಂದು ಗುಜರಿಯಿಂದ ತಂದ ಒಂದು ಸ್ಟೀರಿಂಗ್ ಚಕ್ರ. ಯಾರೇ ಬಂದು ಕೂರಲಿ, “ಏನು ಕೆಲಸ ಮಾಡ್ತೀರಿ?” ಎಂದು ಕೇಳುತ್ತಾಳೆ. ಆಮೇಲೆ ಪೆಟ್ಟಿಗೆಯಲ್ಲಿ ಕೈಯಾಡಿಸಿ, ಆ ಕೆಲಸದ ಒಂದು ವಸ್ತುವನ್ನು ಅವರ ತೊಡೆಯ ಮೇಲೆ ಇಡುತ್ತಾಳೆ. ಫೋಟೋದಲ್ಲಿ ಬರುವುದು ಎದೆಯಿಂದ ಮೇಲೆ ಮಾತ್ರ. ಕೈ ಬರುವುದಿಲ್ಲ, ವಸ್ತುವೂ ಬರುವುದಿಲ್ಲ. ಮತ್ತೆ ಯಾಕೆ?

“ಕೈಗೆ ಕೆಲಸ ಇಲ್ಲದಿದ್ರೆ ಮುಖ ಕೆಲಸ ಮಾಡೋಕೆ ಶುರು ಮಾಡುತ್ತೆ. ಮುಖ ಕೆಲಸ ಮಾಡಿದ್ರೆ ಅದು ನಾಟಕ,” ಎನ್ನುತ್ತಾಳೆ.

ಹಾಗಾಗಿ ನಮ್ಮ ಊರಿನ ಅರ್ಧ ಜನರ ಫೋಟೋಗಳಲ್ಲಿ ಚೌಕಟ್ಟಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಕೈಗಳು ದುಡಿಯುತ್ತಿವೆ. ಬಸ್ಸಿನ ಚಾಲಕ ತಿರುವು ತೆಗೆದುಕೊಳ್ಳುತ್ತಿದ್ದಾನೆ. ಮೇಷ್ಟ್ರು ಸೀಮೆಸುಣ್ಣ ಮುರಿಯುತ್ತಿದ್ದಾರೆ. ನೌಕರಿಯ ಅರ್ಜಿಗೆಂದು ನಾನು ಹೋದಾಗ ನನಗೆ ಯಾವ ಕೆಲಸವೂ ಇರಲಿಲ್ಲ. ಅಕ್ಕ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸಿಕ್ಕಾದ ದಾರದ ಉಂಡೆ ಕೊಟ್ಟಳು. ಆ ಫೋಟೋದಲ್ಲಿ ನಾನು ಬಹಳ ಆಳವಾಗಿ ಯೋಚಿಸುವವನ ಹಾಗೆ ಕಾಣುತ್ತೇನೆ. ಕೆಲಸ ಸಿಕ್ಕಿದ್ದು ಅದರಿಂದಲೇ ಎಂದು ನನ್ನ ಅನುಮಾನ.

ಆ ದಿನ ನನ್ನ ಮೂಗಿನ ತುದಿಯಲ್ಲಿ ಹಣ್ಣಾದ ಮೊಡವೆಯೊಂದಿತ್ತು. ಫೋಟೋ ಕೈಗೆ ಬಂದಾಗ ಇರಲಿಲ್ಲ. ಕೆಳದುಟಿಯ ಪಕ್ಕದ ಮಚ್ಚೆ ಮಾತ್ರ ಹಾಗೇ ಇತ್ತು.

“ಅಕ್ಕ, ಇದನ್ನೂ ತೆಗೆದುಬಿಡಿ,” ಎಂದೆ.

“ಮೊಡವೆ ವಾರದಲ್ಲಿ ಹೋಗುತ್ತೆ, ಅದಕ್ಕೆ ತೆಗೆದೆ. ವಾರದಲ್ಲಿ ಹೋಗದೇ ಇರೋದನ್ನ ನಾನು ಮುಟ್ಟಲ್ಲ.”

“ಸ್ವಲ್ಪ ಬೆಳ್ಳಗಾದ್ರೂ...”

“ಸುಣ್ಣದ ಅಂಗಡಿ ಪಕ್ಕದ ಬೀದೀಲಿದೆ.”

ಈ ಹಟ ಅವಳಿಗೆ ಬಂದದ್ದಕ್ಕೆ ಒಂದು ಕಾರಣವಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಒಂದು ದೊಡ್ಡ ಪರೀಕ್ಷೆಗೆ ಕೂರಬೇಕಾಗಿತ್ತು. ಪ್ರವೇಶ ಪತ್ರಕ್ಕೆ ಫೋಟೋ ತೆಗೆದವನು ಆಗ ಈ ಸ್ಟುಡಿಯೋ ನಡೆಸುತ್ತಿದ್ದ ಮುದುಕ. ಹುಡುಗಿ ಚೆನ್ನಾಗಿ ಕಾಣಲಿ ಎಂಬ ಒಳ್ಳೆಯ ಮನಸ್ಸಿನಿಂದ ಆತ ಹುಬ್ಬು ತಿದ್ದಿ, ಕೆನ್ನೆ ತುಂಬಿ, ಮೂಗಿಗೊಂದು ನೆರಳು ಕೊಟ್ಟಿದ್ದ. ಪರೀಕ್ಷೆಯ ಬಾಗಿಲಲ್ಲಿ ನಿಂತವರು ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು, “ಇದು ನೀನಲ್ಲ” ಎಂದರು. ಅತ್ತರೂ ಬಿಡಲಿಲ್ಲ. ಒಂದು ವರ್ಷ ಹೋಯಿತು. ಆ ವರ್ಷದ ಜೊತೆ ಓದೂ ಹೋಯಿತು.

ಮರುದಿನ ಅವಳು ಸ್ಟುಡಿಯೋಗೆ ನುಗ್ಗಿ ಮುದುಕನ ಜನ್ಮ ಜಾಲಾಡಿದಳು. ಆತ ಎಲ್ಲಾ ಬೈಗುಳ ಮುಗಿಯುವವರೆಗೆ ಕಾದು, “ಅಷ್ಟು ಗೊತ್ತಿದ್ರೆ ನೀನೇ ತೆಗಿ ನೋಡೋಣ” ಎಂದು ಸ್ಟೂಲಿನ ಮೇಲೆ ಕೂತ. ತೆಗೆದಳು. ಬೊಕ್ಕ ಬಾಯಿ, ಜೋತ ರೆಪ್ಪೆ, ಕಿವಿಯಲ್ಲಿ ಬೆಳೆದ ಕೂದಲು, ಎಲ್ಲಾ ಸಮೇತ. ಮುದುಕ ಅದನ್ನು ಬಹಳ ಹೊತ್ತು ನೋಡಿ, “ನಾಳೆ ಬೆಳಗ್ಗೆ ಒಂಬತ್ತಕ್ಕೆ ಬಾ” ಎಂದನಂತೆ. ಆ ಒಂಬತ್ತಕ್ಕೆ ಬಂದವಳು ಮೂವತ್ತಾರು ವರ್ಷದಿಂದ ಬರುತ್ತಲೇ ಇದ್ದಾಳೆ. ಮುದುಕನ ಆ ಫೋಟೋ ಈಗಲೂ ಗಾಜಿನ ಹಿಂದೆ ನಡುವಿನಲ್ಲಿದೆ. ಚಿಕ್ಕಂದಿನಲ್ಲಿ ನಾನು ಕಳ್ಳರ ಗುರು ಎಂದುಕೊಂಡಿದ್ದು ಅವನನ್ನೇ.

ಇಂಥ ಹೆಂಗಸಿನ ಹೊಟ್ಟೆಯ ಮೇಲೆ ಹೊಡೆದವನು ನಾನು. ಅದನ್ನೂ ಹೇಳಿಬಿಡುತ್ತೇನೆ.

ನನ್ನನ್ನು ಸಾಕಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಅವಳು ಬೀಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಕೆಲಸಕ್ಕಿದ್ದಾಳೆ. ಎರಡು ವರ್ಷದಿಂದ ನಾನೂ ಅಲ್ಲೇ, ಆಫೀಸಿನಲ್ಲಿ. ಅವಳು ಬೀಗ ಜೋಡಿಸುತ್ತಾಳೆ, ನಾನು ಬೀಗ ಜೋಡಿಸುವವರ ಹೆಸರು ಜೋಡಿಸುತ್ತೇನೆ. ಐದು ವರ್ಷಕ್ಕೊಮ್ಮೆ ನಾನೂರು ಕಾರ್ಮಿಕರ ಗುರುತಿನ ಚೀಟಿ ಹೊಸದಾಗಬೇಕು. ಪ್ರತಿ ಸಲವೂ ಗದ್ದದಕ್ಕ ಕ್ಯಾಂಟೀನಿನಲ್ಲಿ ಪರದೆ ಕಟ್ಟಿ ಫೋಟೋ ತೆಗೆಯುತ್ತಿದ್ದಳು. ಅದು ಅವಳಿಗೆ ಆ ವರ್ಷದ ಅರ್ಧ ಅನ್ನ. ಈ ಸಲ ನಾನು ಮ್ಯಾನೇಜರ ಮುಂದೆ ಜಂಬದಿಂದ ಹೇಳಿದೆ: “ಅವರೆಲ್ಲಾ ಯಾಕೆ ಸಾರ್? ನನ್ನ ಫೋನೇ ಸಾಕು.”

ನನ್ನ ಫೋನಿಗೆ ಜೇಡದ ಹಾಗೆ ನಾಲ್ಕು ಕಣ್ಣು. ಹೊಸದು. ಮ್ಯಾನೇಜರು ನನ್ನ ಬೆನ್ನು ತಟ್ಟಿ, “ಇಂಥ ಹುಡುಗರು ಬೇಕು ನಮಗೆ” ಎಂದರು. ಬೆನ್ನು ತಟ್ಟಿಸಿಕೊಂಡವನು ಎರಡು ದಿನದಲ್ಲಿ ನಾನೂರು ಮುಖ ಹೊಡೆದುಹಾಕಿದೆ. ಎಲ್ಲರೂ ಎಷ್ಟು ಚಂದ ಬಂದಿದ್ದರೆಂದರೆ, ನನ್ನೊಳಗೆ ಒಬ್ಬ ಕಲಾವಿದ ಇಷ್ಟು ದಿನ ಮಲಗಿದ್ದನೆಂದು ನನಗೆ ಖಚಿತವಾಯಿತು. ಆ ಫೋನು ಮುಖ ಕಂಡ ಕೂಡಲೇ ತಾನಾಗಿಯೇ ಸುಕ್ಕು ಒರೆಸಿ, ಗುಳಿ ತುಂಬಿ, ಬಣ್ಣ ಬಳಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ಮುದುಕನ ಆತ್ಮವೇ ಅದರೊಳಗೆ ಸೇರಿತ್ತೋ ಏನೋ. ಚೀಟಿ ಹಂಚಿದ ಮೊದಲ ದಿನ ಗೇಟಿನ ಕಾವಲುಗಾರ ದೊಡ್ಡಮ್ಮನನ್ನು ತಡೆದ.

“ಅಮ್ಮಾ, ಮಗಳ ಚೀಟಿ ತಂದುಬಿಟ್ಟಿದೀರಿ.”

“ಮಗಳೇ ಇಲ್ವಲ್ಲಪ್ಪ ನನಗೆ.”

“ಮತ್ತೆ ಇದ್ಯಾರು?”

ಅದು ಅಲ್ಲಿಗೇ ಮುಗಿದಿದ್ದರೆ ನಗೆಯಾಗಿ ಹೋಗುತ್ತಿತ್ತು. ಆದರೆ ದೊಡ್ಡಮ್ಮ ನಿವೃತ್ತಳಾಗುವುದಕ್ಕೆ ಒಂದು ವಾರ ಉಳಿದಿತ್ತು. ನಮ್ಮ ಕಾರ್ಖಾನೆಯ ಮುಂದಿನ ಹಜಾರದಲ್ಲಿ ಒಂದು ಗೋಡೆ ಇದೆ. ಮೂವತ್ತು ವರ್ಷ ಪೂರೈಸಿದವರ ಫೋಟೋ ಅಲ್ಲಿ ಏರುತ್ತದೆ, ಎರಡು ಅಡಿ ಎತ್ತರದ ಚೌಕಟ್ಟಿನಲ್ಲಿ. ಈವರೆಗೆ ಹದಿನೇಳು ಮಂದಿ. ಹದಿನೇಳೂ ಗಂಡಸರು. ಹದಿನೆಂಟನೆಯವಳು ದೊಡ್ಡಮ್ಮ. “ಹೇಗೂ ಫೋಟೋ ಇದೆಯಲ್ಲ, ಅದನ್ನೇ ದೊಡ್ಡದು ಮಾಡಿಸು,” ಎಂದರು ಮ್ಯಾನೇಜರು. ಮಾಡಿಸಿದೆ. ಮೊದಲು ಅವಳಿಗೇ ತೋರಿಸೋಣವೆಂದು ಮನೆಗೆ ತಂದು ಊಟದ ಮೇಜಿನ ಮೇಲೆ ಬಿಚ್ಚಿಟ್ಟೆ.

ದೊಡ್ಡಮ್ಮನ ಎಡಗೆನ್ನೆಯ ಮೇಲೆ ಒಂದು ಕಲೆ ಇದೆ. ಕಿವಿಯ ಬುಡದಿಂದ ತುಟಿಯ ಕೊನೆಯವರೆಗೆ, ಒದ್ದೆ ಕಾಗದ ಒಣಗಿ ಸುರುಟಿಕೊಂಡ ಹಾಗೆ. ಕೆಲಸಕ್ಕೆ ಸೇರಿದ ಹನ್ನೊಂದನೇ ವರ್ಷ, ಬೀಗಗಳಿಗೆ ಹೊಳಪು ಕೊಡುವ ಬಿಸಿ ತೊಟ್ಟಿಯ ಮುಚ್ಚಳ ಮುರಿದು, ಕುದಿಯುವ ದ್ರಾವಣ ಮುಖಕ್ಕೆ ಹಾರಿದ್ದು. ಆ ಮುಚ್ಚಳ ಸಡಿಲವಾಗಿದೆ ಎಂದು ಅದಕ್ಕೆ ಮುಂಚೆ ಮೂರು ಸಲ ಹೇಳಿದವಳು ಅವಳೇ. ಕಾರ್ಖಾನೆಯ ದಾಖಲೆಯಲ್ಲಿ ‘ಸಣ್ಣ ಘಟನೆ’ ಎಂದು ಬರೆದಿದೆ. ನನ್ನ ಕಪಾಟಿನಲ್ಲೇ ಇದೆ ಆ ಪುಸ್ತಕ. ಅಂದಿನಿಂದ ಯಾರಾದರೂ ಫೋಟೋ ತೆಗೆಯಲು ಬಂದರೆ ದೊಡ್ಡಮ್ಮ ಎಡಗೈಯನ್ನು ಕೆನ್ನೆಗೆ ಕೊಟ್ಟುಬಿಡುತ್ತಾಳೆ. ನಮ್ಮ ಮನೆಯ ಎಲ್ಲಾ ಫೋಟೋಗಳಲ್ಲೂ ಅವಳು ದೊಡ್ಡ ಚಿಂತಕಿ. ಗುರುತಿನ ಚೀಟಿಗೆ ಮಾತ್ರ ಕೈ ಇಳಿಸಲೇಬೇಕಿತ್ತು. ಅದು ಉಗುರಿನಷ್ಟು ಫೋಟೋ, ಅದರಲ್ಲಿ ಕಲೆ ಯಾವುದು ನೆರಳು ಯಾವುದು.

ಈಗ ಮೇಜಿನ ಮೇಲೆ ಎರಡು ಅಡಿಯ ಮುಖ. ಸುಲಿದ ಮೊಟ್ಟೆಯ ಹಾಗೆ ನುಣ್ಣಗೆ. ಕಲೆ ಇಲ್ಲ, ಸುಕ್ಕಿಲ್ಲ. ಅವಳಿಗೆ ಖುಷಿಯಾಗುತ್ತದೆ ಎಂದು ನಾನು ಹಲ್ಲು ಕಿರಿದು ನಿಂತಿದ್ದೆ.

ದೊಡ್ಡಮ್ಮ ಕೈ ಒರೆಸಿಕೊಂಡು ಬಂದಳು, ನೋಡಿದಳು.

“ಯಾರೋ ಇದು?”

“ನೀನೇ ದೊಡ್ಡಮ್ಮ.”

“ಕೆನ್ನೆ ಎಲ್ಲಿ?”

“ಇದೆಯಲ್ಲ, ಎರಡೂ ಇವೆ.”

“ನನ್ನ ಕೆನ್ನೆ ಎಲ್ಲಿ ಅಂದೆ.”

ನಾನು ಫೋನಿನ ಗುಣಗಾನ ಶುರುಮಾಡಿದೆ. ನಡುವಿನಲ್ಲೇ ಹೇಳಿದೆ, “ಹೇಗೂ ನೀನೂ ಮುಚ್ಚಿಕೊಳ್ತಿದ್ದೆಯಲ್ಲ...”

“ನಾನು ಮುಚ್ಚಿಕೊಂಡ್ರೆ ಅದು ನನ್ನಿಷ್ಟ. ಕೆನ್ನೆ ನಂದು, ಕೈಯೂ ನಂದು. ಇವ್ರು ಅಳಿಸಿಬಿಟ್ರೆ? ನಾಳೆ ಆ ಗೋಡೆ ಮುಂದೆ ನಿಂತವರು ಏನಂತಾರೆ? ಪರವಾಗಿಲ್ವೇ, ಮೂವತ್ತು ವರ್ಷ ದುಡಿದರೂ ಈ ಕಾರ್ಖಾನೇಲಿ ಒಂದು ಗೀರೂ ಬೀಳಲ್ಲ ಅಂತಾರೆ.” ಫೋಟೋವನ್ನು ಸುರುಳಿ ಸುತ್ತಿ ನನ್ನ ಕಂಕುಳಿಗೆ ತುರುಕಿದಳು. “ಇವಳನ್ನ ನೀನೇ ಇಟ್ಕೋ. ನಾನು ಹೋದ್ರೆ ನಾನೇ ಹೋಗ್ತೀನಿ ಗೋಡೆ ಮೇಲೆ. ಇಲ್ಲಾಂದ್ರೆ ಗೋಡೆ ಖಾಲಿ ಇರ್ಲಿ.”

ಮರುದಿನ ಮ್ಯಾನೇಜರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಕೂಗಾಡಲಿಲ್ಲ, ಟೀ ತರಿಸಿದರು. “ಸರಿ, ಆ ಸ್ಟುಡಿಯೋದವರ ಹತ್ರಾನೇ ತೆಗೆಸಿ. ಚೆನ್ನಾಗಿ ತೆಗೀತಾರೆ ಅವರು. ಚೀಟಿ ಫೋಟೋನೂ ಅವರಿಗೇ ಮತ್ತೆ ಕೊಟ್ಟುಬಿಡೋಣ, ಗೇಟಲ್ಲಿ ದಿನಾ ಜಗಳ ಆಗ್ತಿದೆ. ಆದ್ರೆ ಒಂದು...” ಎಂದು ಸಣ್ಣ ಕಾಗದದ ಮೇಲೆ ಬರೆದರು: ‘ಎಡಗೆನ್ನೆ ಸರಿಪಡಿಸುವುದು.’ “ಖರೀದಿದಾರರು ಬರ್ತಾರೆ, ಹಜಾರದಲ್ಲೇ ಕೂರ್ತಾರೆ. ಸುಮ್ನೆ ಅದೇನು ಇದೇನು ಅಂತ ಕೇಳ್ತಾರೆ. ಅರ್ಥ ಆಯ್ತಲ್ಲ?”

ನನಗೆ ಯಾವಾಗಲೂ ಅರ್ಥವಾಗುತ್ತದೆ. ಅದೇ ನನ್ನ ತೊಂದರೆ. ಕಾಗದ ಜೇಬಿಗೆ ಹಾಕಿಕೊಂಡೆ.

ಬುಧವಾರ ಅರ್ಧ ದಿನ ರಜೆ ಹಾಕಿ ಇಬ್ಬರೂ ಸ್ಟುಡಿಯೋಗೆ ಹೋದೆವು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಗದ್ದದಕ್ಕ ಒಂದು ಕನ್ನಡಕ ಇಳಿಸಿ ಇನ್ನೊಂದನ್ನು ಏರಿಸಿ ನನ್ನನ್ನು ನೋಡಿದಳು.

“ಬಾರಪ್ಪಾ ಫೋನಪ್ಪ. ನಾಲ್ಕು ಕಣ್ಣಲ್ಲಿ ಒಂದಕ್ಕೂ ಕಾಣಿಸ್ಲಿಲ್ವಂತೆ?”

“ಅಕ್ಕ, ಎಲ್ಲರ ಜೇಬಲ್ಲೂ ಕ್ಯಾಮೆರಾ ಇರೋ ಕಾಲ ಇದು, ನಾನೂ...”

“ಎಲ್ಲರ ಮನೇಲೂ ಕತ್ತರಿ ಇದೆ. ತಲೆ ಯಾಕೆ ನೀನೇ ಕತ್ತರಿಸಿಕೊಳ್ಳಲ್ಲ? ಓ, ನಿನಗೆ ಅರ್ಧ ತಲೆ ಅಭ್ಯಾಸ ಇದೆ.”

ದೊಡ್ಡಮ್ಮ ನಕ್ಕಳು. ಹಿಂದಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತ ಕೂಡಲೇ ನಗು ಹೋಯಿತು. ದೀಪ ಹತ್ತಿಕೊಂಡಿತು, ಎಡಗೈ ತಾನಾಗಿ ಕೆನ್ನೆಗೆ ಹೋಯಿತು. ಇಳಿಸಿದಳು. ಮತ್ತೆ ಹೋಯಿತು.

“ಹಾಳಾದ್ದು, ಕೇಳಲ್ಲ ಇದು,” ಎಂದು ತನ್ನ ಕೈಯನ್ನೇ ಬೈದಳು. ಬೇಕೆಂದೇ ಬಂದಿದ್ದಳು, ಹಟ ಹಿಡಿದೇ ಬಂದಿದ್ದಳು. ಆದರೆ ಹತ್ತೊಂಬತ್ತು ವರ್ಷದ ಕೈ ಅದು. ಮಾತು ಕೇಳುವ ವಯಸ್ಸು ದಾಟಿತ್ತು.

ಜೇಬಿನ ಕಾಗದ ನನ್ನ ಎದೆಯನ್ನು ಸುಡುತ್ತಿತ್ತು. ಇನ್ನು ತಡೆದರೆ ಆಗದೆಂದು ಗದ್ದದಕ್ಕನನ್ನು ಮೂಲೆಗೆ ಕರೆದು ಕೊಟ್ಟೆ. ಓದಿದಳು. ಚೀಟಿ ಫೋಟೋದ ವಿಷಯವನ್ನೂ ಹೇಳಿದೆ, ಮ್ಯಾನೇಜರ ಮನಸ್ಸು ಹೀಗಿದೆ ಎಂದೂ ಹೇಳಿದೆ. ಹೇಳಿ, ನನ್ನ ಬುದ್ಧಿವಂತಿಕೆಯನ್ನೂ ಸೇರಿಸಿದೆ: “ಎರಡು ಪ್ರತಿ ಮಾಡಿಬಿಡಿ ಅಕ್ಕ. ಕಲೆ ಇಲ್ಲದ್ದು ಅವರಿಗೆ, ಇರೋದು ನಮಗೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

“ಯಾರು ಹಾವು, ಯಾರು ಕೋಲು? ಮೊದ್ಲು ಅದು ಹೇಳು.”

ನಾನು ಬೂದು ಪರದೆಯ ಮಡಿಕೆ ಸರಿಮಾಡತೊಡಗಿದೆ.

“ಎರಡು ಪ್ರತಿ ಮಾಡೋಕೆ ಅವರಿಗಿರೋದು ಒಂದೇ ಮುಖ ಕಣಪ್ಪ.”

ನಮ್ಮ ಪಿಸುಮಾತು ಪಿಸುಮಾತಾಗಿ ಉಳಿಯಲಿಲ್ಲ. ಕೋಣೆ ಚಿಕ್ಕದು. ದೊಡ್ಡಮ್ಮ ಸ್ಟೂಲಿನಿಂದಲೇ ಕೇಳಿದಳು, “ಏನ್ರೀ ಅದು ಕಾಗದ?”

ಗದ್ದದಕ್ಕ ಮುಚ್ಚಿಡಲಿಲ್ಲ. ಗಟ್ಟಿಯಾಗಿ ಓದಿದಳು. ದೊಡ್ಡಮ್ಮ ನನ್ನ ಕಡೆ ನೋಡಿದ ನೋಟಕ್ಕೆ ನಾನು ಇನ್ನೊಮ್ಮೆ ಎಂಟು ವರ್ಷದವನಾದೆ. ಆಮೇಲೆ ಅವಳು ಗದ್ದದಕ್ಕನತ್ತ ತಿರುಗಿದಳು.

“ನೋಡ್ರೀ, ನನ್ನಿಂದ ನಿಮಗೆ ಕಷ್ಟ ಬೇಡ. ನಾನೂರು ಜನರ ಕೆಲಸ ಅದು. ಬೇಡ ಅಂದ್ರೆ ಬೇಡ ಅನ್ನಿ, ಎದ್ದು ಹೋಗ್ತೀನಿ. ಗೋಡೆ ಇಲ್ದೇನೂ ಬದುಕ್ಬಹುದು.”

“ನನಗೂ ನಾನೂರು ಜನ ಇಲ್ದೇ ಬದುಕೋದನ್ನ ನಿಮ್ಮ ಹುಡುಗ ಆಗ್ಲೇ ಕಲಿಸಿದಾನೆ. ಕೂತ್ಕೊಳ್ಳಿ,” ಎಂದಳು ಗದ್ದದಕ್ಕ. “ನನ್ನನ್ನ ಒಂದು ಬಾಗಿಲಲ್ಲಿ ನೀನು ನೀನಲ್ಲ ಅಂತ ವಾಪಸ್ ಕಳಿಸಿದ್ರು. ಇನ್ನೊಬ್ಬರಿಗೆ ಅದನ್ನ ನಾನು ಮಾಡಲ್ಲ. ಸ್ಟೂಲು ಅಲ್ಲಾಡ್ತಿದೆಯಾ?”

“ಸ್ವಲ್ಪ.”

ಮ್ಯಾನೇಜರ ಕಾಗದವನ್ನು ಅವಳು ನಾಲ್ಕಾಗಿ ಮಡಿಸಿ, ಬಗ್ಗಿ, ಸ್ಟೂಲಿನ ಗಿಡ್ಡ ಕಾಲಿನ ಕೆಳಗೆ ಇಟ್ಟಳು. ಅಲ್ಲಾಡಿಸಿ ನೋಡಿದಳು. ನಿಂತಿತು.

ಆಮೇಲೆ ಪೆಟ್ಟಿಗೆ ತೆರೆದಳು. ಬಹಳ ಕೆಳಗಿನಿಂದ ಒಂದು ಬೀಗ ತೆಗೆದಳು. ಹಿತ್ತಾಳೆಯದು, ನಮ್ಮ ಕಾರ್ಖಾನೆಯದೇ, ಒಳಗೆ ಆರು ಪಟ್ಟಿಗಳಿರುವುದು. ಸ್ಕ್ರೂ ತಿರುಗಿಸಿ ಅದನ್ನು ಬಿಚ್ಚಿ, ಪಟ್ಟಿ, ಸ್ಪ್ರಿಂಗು, ಕೊಂಡಿ ಎಲ್ಲವನ್ನೂ ಬೇರೆ ಬೇರೆ ಮಾಡಿ, ದೊಡ್ಡಮ್ಮನ ತೊಡೆಯ ಮೇಲೆ ಸುರಿದಳು.

“ಸೇರಿಸಿ.”

“ಇಲ್ಲೇನಾ?”

“ನೋಡದೆ ಆಗುತ್ತಾ? ತಲೆ ನನ್ನ ಕಡೆ ಇರ್ಬೇಕು.”

ದೊಡ್ಡಮ್ಮ ಅವಮಾನವಾದವಳ ಹಾಗೆ ಗದ್ದದಕ್ಕನನ್ನು ನೋಡಿದಳು. “ನೋಡದೆ ಆಗುತ್ತಾ ಅಂತ ಕೇಳ್ತೀರಲ್ಲ. ಆ ತೊಟ್ಟಿ ಬಿಟ್ಟ ಮೇಲೆ ಹತ್ತೊಂಬತ್ತು ವರ್ಷ, ದಿನಕ್ಕೆ ಎಷ್ಟು ಸೇರಿಸಿದೀನಿ ಗೊತ್ತಾ?”

ಎರಡೂ ಕೈ ತೊಡೆಗೆ ಇಳಿದವು. ಬೀಗ ಸೇರಿಸಲು ಎರಡು ಕೈ ಬೇಕೇ ಬೇಕು. ಒಂದು ಒಡಲನ್ನು ಹಿಡಿಯಬೇಕು, ಒಂದು ಪಟ್ಟಿಗಳನ್ನು ಒಂದರ ಮೇಲೊಂದು ಕೂರಿಸಬೇಕು. ಬೆರಳುಗಳು ಕೆಳಗೆ ತಡಕಾಡಿ, ಗುರುತು ಹಿಡಿದು, ಓಡತೊಡಗಿದವು. ಮುಖ ಮೇಲೆ ನಿಶ್ಚಿಂತೆಯಾಗಿ ಉಳಿಯಿತು. ಕೆನ್ನೆಯ ನೆನಪೇ ಅದಕ್ಕಿರಲಿಲ್ಲ. ಗದ್ದದಕ್ಕ ಬಲಗಡೆಯ ದೀಪ ಆರಿಸಿದಳು. ಎಡಗಡೆಯದನ್ನು ಹತ್ತಿರ ತಂದಳು. ಕಲೆಯ ಒಂದೊಂದು ಮಡಿಕೆಯೂ ಎದ್ದು ನಿಂತಿತು. ಅಡಗಿಸುವುದಾಗಿದ್ದರೆ ಹಚ್ಚಬೇಕಾದದ್ದು ಬಲಗಡೆಯದು ಎಂಬುದು ನನಗೂ ಹೊಳೆಯಿತು.

ಅವಳು ಕ್ಯಾಮೆರಾದ ಹಿಂದೆ ಹೋದಳು. ಈಗ ಆ ಮಾತು ಬರುತ್ತದೆ ಎಂದು ಕಾದೆ.

“ಗದ್ದ ಸ್ವಲ್ಪ ಮೇಲೆ,” ಎಂದಳು.

ಮೂವತ್ತಾರು ವರ್ಷದಲ್ಲಿ ಎಷ್ಟು ಜನಕ್ಕೆ ಹಾಗೆ ಹೇಳಿದ್ದಳೋ ನನಗೆ ಗೊತ್ತಿಲ್ಲ. ನಾನು ಕೇಳಿದ್ದು ಅದೇ ಮೊದಲು. ದೊಡ್ಡಮ್ಮ ಗದ್ದ ಎತ್ತಿದಳು. ಕೆಳಗೆ ಕೊಂಡಿ ಕೂತು ಬೀಗ ‘ಟಕ್’ ಎಂದಿತು. ಆ ಕ್ಷಣದಲ್ಲಿ ಅವಳ ಮುಖದ ಮೇಲೆ, ಇಷ್ಟೇ ತಾನೇ, ಇನ್ನೊಂದು ಕೊಡಿ ಎಂಬ ಒಂದು ಧಿಮಾಕು ಬಂತು. ದಿನಾ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ನಾನು ನೋಡುವ ಧಿಮಾಕು ಅದು. ಕ್ಯಾಮೆರಾವೂ ‘ಟಕ್’ ಎಂದಿತು.

“ಮುಗೀತು. ಏಳಿ.”

“ಒಂದೇನಾ?”

“ನಿಮ್ಮ ಹುಡುಗ ಆದ್ರೆ ಇನ್ನೂರು ತೆಗೀತಿದ್ದ. ನನಗೆ ಒಂದು ಸಾಕು.”

ಶುಕ್ರವಾರ ನಾಲ್ಕು ಗಂಟೆಗೆ ಸಮಾರಂಭ. ಚೌಕಟ್ಟು ಹಾಕಿಸಿದ ಫೋಟೋ ಹೊತ್ತು ಗದ್ದದಕ್ಕ ಮೂರಕ್ಕೇ ಬಂದಳು. ಹಿಂದಿನ ಹದಿನೇಳರಲ್ಲಿ ಅವಳು ತೆಗೆದ ಹನ್ನೊಂದನ್ನೂ ಅವಳೇ ಬಂದು ತೂಗುಹಾಕಿದ್ದು. ಆಫೀಸಿನವರು ತೂಗುಹಾಕಿದರೆ ತೀರಾ ಮೇಲೆ ಹಾಕುತ್ತಾರೆ, ಗಾಜಿನಲ್ಲಿ ಕಿಟಕಿ ಮಾತ್ರ ಕಾಣುತ್ತದೆ ಎಂದು ಅವಳ ದೂರು. ಮೊಳೆ, ಸುತ್ತಿಗೆ ಎಲ್ಲಾ ತನ್ನ ಚೀಲದಲ್ಲೇ ತರುತ್ತಾಳೆ. ಹೊಡೆದಳು, ಹಾಕಿದಳು, ಮೇಲೊಂದು ಬಟ್ಟೆ ಮುಚ್ಚಿದಳು.

ಒಳಗೇನಿದೆ ಎಂದು ನಾನು ಮ್ಯಾನೇಜರಿಗೆ ಹೇಳಿರಲಿಲ್ಲ. ಎರಡು ಸಲ ಬಾಗಿಲವರೆಗೆ ಹೋಗಿ, ಎರಡು ಸಲವೂ ‘ಪೆನ್ನು ಬೇಕಿತ್ತು ಸಾರ್’ ಎಂದು ಪೆನ್ನು ತೆಗೆದುಕೊಂಡು ಬಂದಿದ್ದೆ. ಚೀಟಿಯ ಕೆಲಸವನ್ನು ಗದ್ದದಕ್ಕನಿಗೆ ಮರಳಿ ಕೊಡುವ ಕಾಗದ ನನ್ನ ಕೈಯಲ್ಲೇ ಇತ್ತು, ಟೈಪ್ ಆಗಿ, ಮುದ್ರೆ ಬಿದ್ದು. ಸಮಾರಂಭ ಮುಗಿದ ಮೇಲೆ ಸಹಿ ಹಾಕುತ್ತೇನೆ ಎಂದಿದ್ದರು ಮ್ಯಾನೇಜರು. ಆ ಕಾಗದಕ್ಕೆ ನನ್ನ ಅಂಗೈಯ ಬೆವರಿನ ಮುದ್ರೆಯೂ ಬಿದ್ದಿತ್ತು.

ಬೀಗ ಜೋಡಿಸುವ ವಿಭಾಗದ ಹೆಂಗಸರೆಲ್ಲಾ ಬಂದರು. ಮುಂದಿನ ಹಜಾರದೊಳಗೆ ಅವರು ಕಾಲಿಟ್ಟದ್ದೇ ಮೊದಲ ಸಲ. ಚಪ್ಪಲಿ ಹೊರಗೆ ಬಿಡಬೇಕೋ ಒಳಗೆ ಹಾಕಿಕೊಳ್ಳಬೇಕೋ ಎಂದು ಬಾಗಿಲಲ್ಲೇ ಗಲಿಬಿಲಿ. ಮ್ಯಾನೇಜರು ಎರಡು ಒಳ್ಳೆಯ ಮಾತಾಡಿದರು. ನಿಷ್ಠೆ ಎಂದರು, ಕುಟುಂಬ ಎಂದರು. ಆಮೇಲೆ ಬಟ್ಟೆ ಎಳೆದರು.

ಎರಡು ಅಡಿಯ ಕೆನ್ನೆ, ಎಡಗಡೆಯ ಬೆಳಕು, ಹತ್ತೊಂಬತ್ತು ವರ್ಷದ ಆ ಕಲೆ, ಅದರ ಮೇಲೆ ಆ ಧಿಮಾಕಿನ ಕಣ್ಣು. ಹಿಂದಿನ ಸಾಲಿನಿಂದ ಯಾರೋ, “ಅಯ್ಯೋ, ನಮ್ಮಕ್ಕನೇ ಬಂದು ನಿಂತ ಹಾಗಿದೆ!” ಎಂದರು. ಹೆಂಗಸರೆಲ್ಲಾ ಒಮ್ಮೆಲೇ ಮುಂದೆ ನುಗ್ಗಿದರು. ದೊಡ್ಡಮ್ಮನ ಎಡಗೈ ಮೇಲೆದ್ದಿತು. ಹೋಯಿತು, ಮತ್ತೆ ಕೆನ್ನೆಗೇ ಹೋಯಿತು ಎಂದುಕೊಂಡೆ. ಅದು ಚೌಕಟ್ಟಿನ ಮೂಲೆ ಹಿಡಿದು, ಕೂದಲೆಳೆಯಷ್ಟು ವಾಲಿದ್ದನ್ನು ನೇರ ಮಾಡಿ ಕೆಳಗಿಳಿಯಿತು.

ಮ್ಯಾನೇಜರ ನಗು ಮುಖದ ಮೇಲೇ ಇತ್ತು, ಆದರೆ ಒಣಗಿತ್ತು. ಅವರು ಮೊದಲು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಹದಿನೇಳು ಜನರಲ್ಲಿ ಅತ್ಯಂತ ಹಳಬನನ್ನು ನೋಡಿದೆ. ಆಮೇಲೆ ಅವರು ಗದ್ದದಕ್ಕನ ಕಡೆ ತಿರುಗಿದರು. ಅವರು ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ಏನಮ್ಮಾ, ನಾನು ಬರೆದು ಕಳಿಸಿದ್ದೆನಲ್ಲ? ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದೀರಿ. ಒಂದು ಕಲೆ ತೆಗೆಯೋಕೆ ಬರಲ್ವಾ ನಿಮಗೆ?”

ಗದ್ದದಕ್ಕ ಸುತ್ತಿಗೆಯನ್ನು ಚೀಲಕ್ಕೆ ಹಾಕಿದಳು. ಉಳಿದ ಎರಡು ಮೊಳೆಗಳನ್ನು ಕಾಗದದಲ್ಲಿ ಸುತ್ತಿ ಅದರ ಪಕ್ಕ ಇಟ್ಟಳು. ನನ್ನ ಕೈಯಲ್ಲಿದ್ದ, ಸಹಿ ಆಗದ ಆ ಕಾಗದದ ಮೇಲೆ ಅವಳ ಕಣ್ಣು ಒಮ್ಮೆ ಹೋಗಿ ಬಂತು.

“ಬರುತ್ತೆ ಸಾರ್,” ಎಂದಳು. “ತೆಗೆಯಲ್ಲ.”